ಮೇಲೊಂದು ಗೆರೆ

ಹೆಸರಿನ ಮುಂದೆ ಬಿ.ಎ., ಬಿ.ಎಲ್. ಎಂದು ಬರೆದು, ಆ ಅಕ್ಷರಗಳ ನೆತ್ತಿಯ ಮೇಲೆ ಒಂದು ಗೆರೆಯನ್ನೆಳೆದರೆ, ಪದವಿ ಇನ್ನೂ ಕೈಸೇರಿಲ್ಲವೆಂದು ತಮಿಳುನಾಡಿನಲ್ಲಿ ತಿಳಿಯುವರು. ‘ಪರಿಯೇರುಂ ಪೆರುಮಾಳ್’ ಎಂಬ ತಮಿಳು ಚಲಚ್ಚಿತ್ರದ ನಾಯಕನು ತನ್ನ ಹೆಸರಿನೊಡನೆ ಪದವಿಯನ್ನೂ, ಪದವಿಯ ಮೇಲಣ ಆ ಗೆರೆಯನ್ನೂ ಬಿಡದೆ ಸೇರಿಸಿ ಹೇಳಿಕೊಳ್ಳುವನು. ಮೊದಲ ಸಲ ಕೇಳಿದಾಗ ನಗೆ ಬರುತ್ತದೆ. ಮುಂದೆ ಕಥೆ ಬೆಳೆದಂತೆ ಆ ನಗೆ ಗಂಟಲಲ್ಲಿಯೇ ನಿಂತುಬಿಡುವುದು.

ತಮಿಳಿನಲ್ಲಿ ಪರಿಯೆಂದರೆ ಕುದುರೆ. ಕುದುರೆಯನ್ನೇರುವ ಪೆರುಮಾಳ್ ಎಂಬುದು ಹೆಸರಿನ ಅರ್ಥ. ಕನ್ನಡಿಗರಿಗೆ ಅರ್ಧ ತಾನೇ ತಾನಾಗಿ ತಿಳಿಯುವ ಹೆಸರು. ಕುದುರೆಯೇರಿ ದಿಬ್ಬಣ ಹೊರಟ ದಲಿತ ವರನನ್ನು ಕೆಳಗಿಳಿಸಿದರೆಂಬ ವರ್ತಮಾನವು ಉತ್ತರದೇಶದಿಂದ ಈಗಲೂ ಬರುತ್ತಿರುವಾಗ, ದಲಿತರ ಮನೆಯ ಹುಡುಗನಿಗೆ ಇಂಥ ಹೆಸರನ್ನಿಟ್ಟುದು ಸುಮ್ಮನೆ ಆದ ಕೆಲಸವೆನಿಸದು.

ಮಾರಿ ಸೆಲ್ವರಾಜ್ ಅವರ ಮೊದಲ ಚಿತ್ರವಿದು. ಪಾ. ರಂಜಿತ್ ಅವರು ನಿರ್ಮಿಸಿದರು. 2018ರ ಸೆಪ್ಟೆಂಬರ್ 28ರಂದು ತೆರೆಗೆ ಬಂದಿತು. ಪರಿಯನ ಪಾತ್ರವನ್ನು ಕದಿರ್ ಅವರೂ, ಅವನ ಸಹಪಾಠಿನಿ ಜ್ಯೋತಿ ಮಹಾಲಕ್ಷ್ಮಿಯ ಪಾತ್ರವನ್ನು ಆನಂದಿ ಅವರೂ ವಹಿಸಿರುವರು. ಕಥೆ ನಡೆಯುವುದು ತಿರುನೆಲ್ವೇಲಿಯ ನ್ಯಾಯಶಾಸ್ತ್ರದ ಕಾಲೇಜಿನಲ್ಲಿ. ಕಾಲೇಜಿನ ಪ್ರೇಮವೆಂದರೆ ಹಾಡು, ಮಳೆ, ಗೆಳೆಯರ ಚೇಷ್ಟೆ, ಕಡೆಗೆ ಹುಡುಗಿಯ ತಂದೆಯೊಡನೆ ಹೊಡೆದಾಟ ಎಂಬ ರೂಢಿಯ ಸಾಮಗ್ರಿಯನ್ನು ನಿರೀಕ್ಷಿಸಿ ಹೋದವರಿಗೆ ಇಲ್ಲಿ ಬೇರೆಯೇ ಒಂದು ವಸ್ತು ದೊರೆಯುವುದು. ಪ್ರೀತಿಸುತ್ತೇನೆಂಬ ಮಾತನ್ನು ನಾಯಕನು ಒಮ್ಮೆಯೂ ಆಡುವುದಿಲ್ಲ.

ಅವರ ಸ್ನೇಹವು ಹುಟ್ಟುವುದು ಇಂಗ್ಲಿಷಿನಿಂದ. ಹಳ್ಳಿಯಲ್ಲಿ ತಮಿಳಿನಲ್ಲಿಯೇ ಓದಿ ಬಂದ ಹುಡುಗನಿಗೆ ತರಗತಿಯಲ್ಲಿ ಹೇಳುವ ಪಾಠದ ಒಂದಕ್ಷರವೂ ಹತ್ತುವುದಿಲ್ಲ. ಅಧ್ಯಾಪಕರ ಹಾಸ್ಯಕ್ಕೂ ಸಹಪಾಠಿಗಳ ನಗೆಗೂ ಅವನು ಗುರಿಯಾಗುವನು. ಆಗ ಜ್ಯೋತಿ ಅವನಿಗೆ ಪಾಠ ಹೇಳಿಕೊಡುವಳು. ಅವಳು ಅವನ ಪಾಲಿಗೆ ದೇವತೆ. ನಮ್ಮ ಜಿಲ್ಲೆಗಳ ಶಾಲೆಗಳಿಂದ ನಗರದ ಕಾಲೇಜಿಗೆ ಹೋದ ಎಷ್ಟೋ ಮಂದಿ ಕನ್ನಡದ ಹುಡುಗರಿಗೆ ಈ ಭಾಗವನ್ನು ಯಾರೂ ವಿವರಿಸಬೇಕಾಗಿಲ್ಲ. ಮುಂದೆ ಏನಾಗುವೆಯೆಂದು ಕೇಳಿದರೆ ಡಾಕ್ಟರಾಗುವೆನೆಂದು ಪರಿಯನು ಉತ್ತರ ಕೊಡುವನು. ನ್ಯಾಯಶಾಸ್ತ್ರ ಓದುವವನು ಡಾಕ್ಟರನಾಗುವುದೆಂತು? ಅವನ ಮನಸ್ಸಿನಲ್ಲಿರುವ ಡಾಕ್ಟರು ಅಂಬೇಡ್ಕರರು.

ಜ್ಯೋತಿ ತನ್ನ ಅಕ್ಕನ ಮದುವೆಗೆ ತರಗತಿಯಲ್ಲಿ ಅವನೊಬ್ಬನನ್ನೇ ಕರೆಯುವಳು. ಅವನು ಹೋಗುವನು. ತಂದೆ ಅವನನ್ನು ನಯವಾಗಿ ಒಂದು ಕೋಣೆಗೆ ಕರೆದೊಯ್ದು ಮಾತನಾಡುತ್ತಿರುವಷ್ಟರಲ್ಲಿ ನೆಂಟರು ನುಗ್ಗಿ ಹೊಡೆಯುವರು. ಹೊಡೆದುದು ಸಾಲದೆಂದು ಮೈಮೇಲೆ ಮೂತ್ರ ಮಾಡುವರು. ಇವರು ನಿನ್ನನ್ನೂ ಕೊಲ್ಲುವರು, ನನ್ನ ಮಗಳನ್ನೂ ಕೊಲ್ಲುವರು, ದೂರವಿರು ಎಂದು ಆ ತಂದೆ ಬೇಡಿಕೊಳ್ಳುವನು. ಈ ತಂದೆಯನ್ನು ರಾಕ್ಷಸನನ್ನಾಗಿ ಚಿತ್ರಿಸದಿರುವುದು ನಿರ್ದೇಶಕರ ದೊಡ್ಡ ಗುಣ. ಮಗಳ ಮೇಲೆ ಅವನಿಗೆ ನಿಜವಾದ ಮಮತೆಯುಂಟು. ಆ ಮಮತೆಗೆ ನೆಂಟರೆದುರು ಬಾಯಿಲ್ಲ, ಅಷ್ಟೆ.

ಹುಡುಗನು ನಡೆದುದನ್ನು ಜ್ಯೋತಿಗೆ ಹೇಳುವುದಿಲ್ಲ. ಮದುವೆಗೆ ಬಾರದೆ ಹೋದೆಯೆಂದು ಅವಳು ಮುನಿಸಿಕೊಳ್ಳುವಳು. ಅವನು ಆ ಮುನಿಸನ್ನೂ ಹೊತ್ತುಕೊಳ್ಳುವನು. ಚಿತ್ರದ ಮರ್ಮವೆಲ್ಲ ಈ ಮೌನದಲ್ಲಿದೆ. ಜ್ಯೋತಿಯನ್ನು ಅತಿಯಾಗಿ ಮುಗ್ಧೆಯನ್ನಾಗಿ ಮಾಡಿರುವರೆಂದು ಕೆಲವರು ಆಕ್ಷೇಪಿಸಬಹುದು. ತಿರುನೆಲ್ವೇಲಿಯ ಸೀಮೆಯಲ್ಲಿ ಬೆಳೆದು, ನ್ಯಾಯಶಾಸ್ತ್ರ ಓದುತ್ತಿರುವ ಹೆಣ್ಣಿಗೆ ತನ್ನ ಮನೆಯವರ ಮನಸ್ಸು ತಿಳಿಯದೆ? ಆಕ್ಷೇಪವು ನ್ಯಾಯವಾದುದೇ. ಆದರೆ ತಿಳಿಯದಿರುವುದಕ್ಕೂ ಅನುಕೂಲ ಬೇಕು. ಪರಿಯನಿಗೆ ತನ್ನ ಜಾತಿಯನ್ನು ಒಂದು ಗಳಿಗೆಯಾದರೂ ಮರೆಯುವ ಅವಕಾಶವಿಲ್ಲ. ಊರ ಕೆರೆಯ ಬಳಿಯಿಂದ ಕಾಲೇಜಿನ ಮೆಟ್ಟಿಲವರೆಗೆ ಯಾರಾದರೊಬ್ಬರು ನೆನಪು ಮಾಡಿಕೊಡುತ್ತಲೇ ಇರುವರು. ಜ್ಯೋತಿಗೆ ಅದನ್ನು ನೆನೆಯುವ ಕಾರಣವೇ ಬಂದಿಲ್ಲ. ತಂದೆಯ ಮನೆಯಿಂದ ಅವಳಿಗೆ ಬಂದ ಸ್ತ್ರೀಧನದಲ್ಲಿ ಈ ಮುಗ್ಧತೆಯೂ ಒಂದು ಒಡವೆ. ಹುಡುಗನು ಮೌನದಿಂದ ಅದನ್ನು ಕಾಪಾಡುವನು. ಇದು ಔದಾರ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಇದರಿಂದ ಅವಳಿಗೂ ಒಂದು ನಷ್ಟವುಂಟು. ತಿಳಿದಿದ್ದರೆ ಅವಳು ಏನು ಮಾಡುತ್ತಿದ್ದಳೆಂಬುದನ್ನು ತೋರಿಸಲು ಅವಳಿಗೆ ಎಡೆಯೇ ದೊರೆಯಲಿಲ್ಲ.

ತಿಳಿದವಳು ಏನು ಮಾಡಬಲ್ಲಳೆಂಬುದಕ್ಕೆ ಅದೇ ತಮಿಳುನಾಡಿನಲ್ಲಿ ನಿದರ್ಶನವಿದೆ. ಪೊಳ್ಳಾಚಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪರಿಚಯವಾಗಿ ಮದುವೆಯಾದ ದಂಪತಿಗಳನ್ನು 2016ರ ಮಾರ್ಚ್ 13ರಂದು ಉಡುಮಲೈಪೇಟೆಯ ನಡುಬೀದಿಯಲ್ಲಿ, ಹಗಲಿನಲ್ಲಿ, ಕೊಚ್ಚಿದರು. ದಲಿತನಾದ ಗಂಡನು ಸತ್ತನು; ಗಾಯಗೊಂಡ ಹೆಂಡತಿ ಬದುಕಿದಳು. ಆ ಯುವತಿ ನ್ಯಾಯಾಲಯದಲ್ಲಿ ತನ್ನ ಹೆತ್ತವರ ವಿರುದ್ಧವೇ ನಿಂತಳು. 2017ರ ಡಿಸೆಂಬರಿನಲ್ಲಿ ತಿರುಪ್ಪೂರಿನ ನ್ಯಾಯಾಲಯವು ಅವಳ ತಂದೆಗೆ ಮರಣದಂಡನೆ ವಿಧಿಸಿತು. 2020ರ ಜೂನಿನಲ್ಲಿ ಮದರಾಸಿನ ಉಚ್ಚ ನ್ಯಾಯಾಲಯವು ಅವನನ್ನು ನಿರ್ದೋಷಿಯೆಂದು ಬಿಟ್ಟಿತು. ಪುರೋಹಿತರಿಲ್ಲದೆ ನಡೆದ ಸ್ವಾಭಿಮಾನ ವಿವಾಹಗಳಿಗೆ 1967ರಲ್ಲಿಯೇ ಶಾಸನದ ಮನ್ನಣೆ ಕೊಟ್ಟ ನಾಡಿದು ಎಂಬುದನ್ನು ಇಲ್ಲಿ ನೆನೆದರೆ ಮನಸ್ಸು ಕಹಿಯಾಗುವುದು.

ಚಿತ್ರದಲ್ಲಿ ಇಂಥ ಕೊಲೆಗಳಿಗೆ ಒಬ್ಬ ಮುದುಕನಿರುವನು. ಪ್ರತಿಯೊಂದು ಸಾವೂ ಅಪಘಾತವೆಂದೋ ಆತ್ಮಹತ್ಯೆಯೆಂದೋ ತೋರುವಂತೆ ಮಾಡುವುದು ಅವನ ಜಾಣತನ. ಇದು ಅವನಿಗೆ ಕುಲದ ಮಾನ ಉಳಿಸುವ ಸೇವೆ. ಮೊದಲ ದೃಶ್ಯಗಳಲ್ಲಿ ಪರಿಯನ ಕರುಪ್ಪಿ ಎಂಬ ಬೇಟೆನಾಯಿಯನ್ನು ರೈಲುಹಳಿಗೆ ಕಟ್ಟಿ ಕೊಂದಿರುವರು; ಮುದುಕನು ಪರಿಯನನ್ನು ಮಲಗಿಸುವುದೂ ಹಳಿಯ ಮೇಲೆಯೇ. ಇದು ಕಟ್ಟುಕಥೆಯ ಅಲಂಕಾರವೆಂದು ತಿಳಿಯಬಾರದು. 2015ರ ಜೂನ್ ತಿಂಗಳಲ್ಲಿ ತಿರುಚೆಂಗೋಡಿನ ದೇವಾಲಯದಲ್ಲಿ ಕಾಲೇಜಿನ ಗೆಳತಿಯೊಡನೆ ಮಾತನಾಡುತ್ತಿದ್ದ ದಲಿತ ಯುವಕನೊಬ್ಬನನ್ನು ಎಳೆದೊಯ್ದರು. ಮರುದಿನ ಅವನ ಹೆಣವು ರೈಲುಹಳಿಯ ಮೇಲೆ ದೊರೆಯಿತು. ಅದು ಕೊಲೆಯೆಂದು ಮಧುರೆಯ ನ್ಯಾಯಾಲಯವು ತೀರ್ಪುಕೊಟ್ಟುದು 2022ರಲ್ಲಿ.

ನಡುವೆ ಬರುವ ಇನ್ನೊಂದು ಪ್ರಸಂಗವನ್ನು ಹೇಳದೆ ಬಿಡಲಾಗದು. ಪರಿಯನ ತಂದೆ ಜಾನಪದ ಕೂತ್ತಿನಲ್ಲಿ ಹೆಣ್ಣುವೇಷ ಹಾಕಿ ಕುಣಿಯುವ ಬಡ ಕಲಾವಿದ. ಮಗನು ನಾಚಿಕೆಯಿಂದ ಮೊದಲು ಬೇರೊಬ್ಬನನ್ನು ತಂದೆಯೆಂದು ಕಾಲೇಜಿಗೆ ಕರೆತರುವನು. ನಿಜವಾದ ತಂದೆ ಬಂದ ದಿನ ಹುಡುಗರು ಆ ಮುದುಕನ ಪಂಚೆಯನ್ನು ಸೆಳೆದು ಬೀದಿಯಲ್ಲಿ ಓಡಿಸುವರು. ಜ್ಯೋತಿಯ ನೆಂಟರು ಕೊಟ್ಟ ಪೆಟ್ಟಿಗಿಂತಲೂ ಇದು ಮಗನಿಗೆ ಹೆಚ್ಚು ನಾಟುವುದು. ತಾನೇ ಮೊದಲು ಆ ತಂದೆಯನ್ನು ಮರೆಮಾಡಿದ್ದವನಲ್ಲವೆ?

ಕೊನೆಯಲ್ಲಿ ಜ್ಯೋತಿಯ ತಂದೆ ಕಾಲೇಜಿಗೆ ಬರುವನು. ಚೆನ್ನಾಗಿ ಓದು, ಮುಂದೆ ಏನಾಗುವುದೋ ನೋಡೋಣ, ಕಾಲ ಬದಲಾದರೂ ಬದಲಾಗಬಹುದು ಎಂದು ಮೆಲ್ಲನೆ ಹೇಳುವನು. ಅವನ ಮಟ್ಟಿಗೆ ಅದು ದೊಡ್ಡ ಮಾತೇ ಸರಿ. ಪರಿಯನ ಉತ್ತರದಲ್ಲಿ ಸಿಟ್ಟಿಲ್ಲ: ನೀವು ನೀವಾಗಿಯೇ ಉಳಿದು ನಾನು ನಾಯಿಯಾಗಿಯೇ ಇರಬೇಕೆಂದು ಬಯಸುವವರೆಗೂ ಯಾವುದೂ ಬದಲಾಗದೆಂದು ಅವನು ಹೇಳಿ ಮುಗಿಸುವನು. ಮದುವೆಯ ಮನೆಯಲ್ಲಿ ನಡೆದುದು ಜ್ಯೋತಿಗೆ ಆಗಲೂ ಗೊತ್ತಿಲ್ಲ. ಮೇಜಿನ ಮೇಲೆ ಚಹಾದ ಎರಡು ಗಾಜಿನ ಲೋಟಗಳು ಉಳಿದಿವೆ. ಒಂದರಲ್ಲಿ ಹಾಲು ಬೆರೆತ ಚಹಾ, ಇನ್ನೊಂದರಲ್ಲಿ ಕಪ್ಪು ಚಹಾ, ನಡುವೆ ಒಂದು ಮಲ್ಲಿಗೆಯ ಹೂ. ಹಳ್ಳಿಯ ಚಹಾದಂಗಡಿಗಳಲ್ಲಿ ದಲಿತರಿಗೆಂದು ಬೇರೆ ಲೋಟವನ್ನಿಡುವ ಪದ್ಧತಿಯನ್ನು ಕಂಡವರಿಗೆ, ಇಲ್ಲಿ ಎರಡು ಲೋಟಗಳೂ ಒಂದೇ ಬಗೆಯವೆಂಬುದು ಕೂಡಲೆ ಕಣ್ಣಿಗೆ ಬೀಳುವುದು.