ದಾಳಕ್ಕೆ ಉತ್ತರ ಹೇಳಿಕೊಟ್ಟ ಪಾಠ

ನನ್ನ ಬೋಧನಾಭ್ಯಾಸದ ಹದಿನಾಲ್ಕನೇ ಪಾಠಕ್ಕೆ ವೀಕ್ಷಣಾ ಪುಸ್ತಕದಲ್ಲಿ ಒಳ್ಳೆಯ ಷರಾ ಸಿಕ್ಕಿತು. ಬೋಧನೋಪಕರಣ ಸೂಕ್ತವಾಗಿದೆ, ಎಲ್ಲರೂ ಚಟುವಟಿಕೆಯಲ್ಲಿ ಭಾಗವಹಿಸಿದರು, ವಿದ್ಯಾರ್ಥಿಗಳು ನಿರೀಕ್ಷಿತ ಉತ್ತರ ತಲುಪಿದರು ಎಂದು ಮೂರು ವಾಕ್ಯ. ಮೊದಲ ಎರಡು ನಿಜ. ಮೂರನೆಯದು ಆ ದಿನ ನನಗೆ ಬಹಳ ಖುಷಿ ಕೊಟ್ಟಿತು. ರಾತ್ರಿ ಹಾಸ್ಟೆಲಿನಲ್ಲಿ ಮಕ್ಕಳ ಹಾಳೆಗಳನ್ನು ಎಣಿಸುತ್ತ ಕುಳಿತಾಗ ಅದೇ ವಾಕ್ಯ ಚುಚ್ಚತೊಡಗಿತು.

ಪಾಠ ಒಂಬತ್ತನೇ ತರಗತಿಯ ಸಂಭವನೀಯತೆ. ಪುಸ್ತಕದ ಅಭ್ಯಾಸದಲ್ಲಿ ಮೊದಲ ಲೆಕ್ಕವೇ ಕ್ರಿಕೆಟ್ಟಿನದು: ಒಬ್ಬ ಆಟಗಾರ್ತಿ 30 ಎಸೆತಗಳಲ್ಲಿ 6 ಬೌಂಡರಿ ಹೊಡೆದಿದ್ದಾಳೆ, ಬೌಂಡರಿ ಹೊಡೆಯದಿರುವ ಸಂಭವನೀಯತೆ ಎಷ್ಟು? ಮಕ್ಕಳು ಎರಡು ನಿಮಿಷದಲ್ಲಿ 4/5 ಎಂದು ಬರೆದು ಪೆನ್ನು ಕೆಳಗಿಟ್ಟರು. ಉತ್ತರ ಸರಿ. ಆದರೆ ಆ 4/5 ಮುಂದಿನ ಎಸೆತದ ಬಗ್ಗೆ ಏನು ಹೇಳುತ್ತದೆ ಎಂದು ಕೇಳಿದರೆ ತರಗತಿ ಮೌನ. ಅಲ್ಲಿಂದ ಮುಂದಕ್ಕೆ ಕರೆದೊಯ್ಯುವ ಒಂದು ಚಟುವಟಿಕೆ ನನಗೆ ಬೇಕಿತ್ತು.

ಆಗ ನೆನಪಾದವನು ನನ್ನ ಸೋದರಮಾವನ ಮಗ. ನನಗೆ ಭಾವ. ಬಾಸ್ಟನ್ ಹತ್ತಿರ ಕೆಲಸದಲ್ಲಿದ್ದಾನೆ. ಅಲ್ಲಿನ ಚಳಿಗಾಲದ ರಾತ್ರಿಗಳಲ್ಲಿ ಅವನು ಅಡುಗೆಮನೆಯ ಮೇಜಿನ ಮೇಲೆ 1941ರ ಬೇಸ್‌ಬಾಲ್ ಸೀಸನ್ ಆಡುತ್ತಾನೆ, ಒಬ್ಬನೇ, ದಾಳ ಹಾಕಿಕೊಂಡು. ಮೂರು ಚಳಿಗಾಲ ಕಳೆಯಿತು, ಇನ್ನೂ ಮುಗಿದಿಲ್ಲ. ನಮ್ಮತ್ತೆಗೆ ಇದು ಹುಚ್ಚಿನ ಮೊದಲ ಮೆಟ್ಟಿಲು ಎಂಬ ಗುಮಾನಿ ಇದೆ.

ಅಮೆರಿಕದಲ್ಲಿ ಇದು ಹಳೆಯ ಹವ್ಯಾಸ. ಹಾಲ್ ರಿಚ್‌ಮನ್ ಎಂಬಾತ 1961ರಲ್ಲಿ ಮಾರಾಟಕ್ಕೆ ತಂದ ಸ್ಟ್ರಾಟ್-ಓ-ಮ್ಯಾಟಿಕ್ ಎಂಬ ಆಟವನ್ನೇ ನನ್ನ ಭಾವನೂ ಆಡುವುದು. ಪ್ರತಿ ಆಟಗಾರನಿಗೂ ಒಂದು ಕಾರ್ಡು. ಅವನು ಆ ವರ್ಷ ನಿಜವಾಗಿ ಆಡಿದ ಅಂಕಿಗಳೇ ಆ ಕಾರ್ಡಿನ ಸಾಲುಗಳಾಗಿ ಹಂಚಿಹೋಗಿರುತ್ತವೆ. ಮೂರು ದಾಳ ಹಾಕಬೇಕು. ಒಂದರಲ್ಲಿ 1, 2, 3 ಬಿದ್ದರೆ ಬ್ಯಾಟರ್‌ನ ಕಾರ್ಡು ನೋಡಬೇಕು, 4, 5, 6 ಬಿದ್ದರೆ ಚೆಂಡೆಸೆಯುವ ಪಿಚರ್‌ನ ಕಾರ್ಡು. ಉಳಿದೆರಡು ದಾಳದ ಮೊತ್ತ ಯಾವ ಸಾಲು ಎಂದು ಹೇಳುತ್ತದೆ. ಹೀಗೆ ಒಂದೊಂದೇ ಎಸೆದು, ಅಂಕಪಟ್ಟಿ ತುಂಬಿಸಿ, ಒಂದು ತಂಡದ 154 ಪಂದ್ಯಗಳನ್ನೂ ಮತ್ತೆ ನಡೆಸಬಹುದು. 2020ರಲ್ಲಿ ಕೋವಿಡ್‌ನಿಂದ ನಿಜವಾದ ಸೀಸನ್ ತಡವಾದಾಗ ಆ ಕಂಪನಿಯವರು ದಿನದಿನದ ಪಂದ್ಯಗಳನ್ನು ಹೀಗೆಯೇ ಆಡಿಸಿ ಫಲಿತಾಂಶ ಹೊರಡಿಸುತ್ತಿದ್ದರು.

ಕ್ರಿಕೆಟ್ ಬಿಟ್ಟು ಬೇಸ್‌ಬಾಲ್ ಯಾಕೆ ಎಂದು ಸಹಪಾಠಿಗಳು ಕೇಳಿದರು. ಕ್ರಿಕೆಟ್ ಎಂದರೆ ನಮ್ಮ ಮಕ್ಕಳು ಲೆಕ್ಕ ಬಿಟ್ಟು ಜಗಳಕ್ಕೆ ನಿಲ್ಲುತ್ತಾರೆ. ಬೇಸ್‌ಬಾಲ್‌ನಲ್ಲಿ ಅವರಿಗೆ ನೆಚ್ಚಿನವರು ಯಾರೂ ಇಲ್ಲ. ಮೇಲಾಗಿ ಆ ಆಟ ಎಣಿಕೆಗೆ ಹೇಳಿ ಮಾಡಿಸಿದಂತಿದೆ. ಬ್ಯಾಟರ್ ಒಂದು ಸಲ ಬಂದರೆ ಸ್ಥೂಲವಾಗಿ ಮೂರರಲ್ಲೊಂದು ಆಗುತ್ತದೆ: ಹೊಡೆದು ಬೇಸ್ ತಲುಪಿದರೆ ಹಿಟ್, ಇಲ್ಲವೇ ಔಟ್, ಅಥವಾ ಪಿಚರ್ ನಾಲ್ಕು ಕೆಟ್ಟ ಎಸೆತ ಹಾಕಿದನೆಂದು ಮೊದಲ ಬೇಸ್‌ಗೆ ಪುಕ್ಕಟೆ ನಡಿಗೆ. ನಡಿಗೆಯನ್ನು ಸರದಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಟ್‌ಗಳನ್ನು ಸರದಿಗಳಿಂದ ಭಾಗಿಸಿದರೆ ಸರಾಸರಿ, ಅದನ್ನು ಮೂರು ದಶಮಾಂಶ ಸ್ಥಾನಕ್ಕೆ ಬರೆಯುತ್ತಾರೆ. .300 ಎಂದರೆ ಒಳ್ಳೆಯ ಆಟಗಾರ. .400 ಎಂದರೆ ಮಾತೇ ಬೇರೆ.

1941ರಲ್ಲಿ ಬಾಸ್ಟನ್ ರೆಡ್ ಸಾಕ್ಸ್ ತಂಡದ ಟೆಡ್ ವಿಲಿಯಮ್ಸ್ .406 ಮಾಡಿದ. 456 ಸರದಿ, 185 ಹಿಟ್. ಅಮೆರಿಕನ್ ಲೀಗ್, ನ್ಯಾಷನಲ್ ಲೀಗ್ ಎರಡರಲ್ಲೂ ಅವನ ನಂತರ ಇಂದಿನವರೆಗೆ ಯಾರೂ .400 ಮುಟ್ಟಿಲ್ಲ. ಆದರೆ ನನಗೆ ಪಾಠವಾಗಿ ಕಂಡದ್ದು ಅವನ ಕೊನೆಯ ದಿನ, ಸೆಪ್ಟೆಂಬರ್ 28. ಅಂದು ಬೆಳಿಗ್ಗೆ ಅವನದು 448 ಸರದಿಗೆ 179 ಹಿಟ್. ಭಾಗಿಸಿ ನೋಡಿ, .39955 ಬರುತ್ತದೆ. ಮೂರು ಸ್ಥಾನಕ್ಕೆ ಸರಿಮಾಡಿದರೆ .400. ಫಿಲಡೆಲ್ಫಿಯಾದಲ್ಲಿ ಅಂದು ಎರಡು ಪಂದ್ಯಗಳಿದ್ದವು. ಬೇಕಾದರೆ ಹೊರಗೆ ಕುಳಿತುಕೊಳ್ಳಬಹುದು ಎಂದು ಮ್ಯಾನೇಜರ್ ಜೋ ಕ್ರೋನಿನ್ ಅವಕಾಶ ಕೊಟ್ಟರು. ಅವನು ಕೂರಲಿಲ್ಲ. ಮೊದಲ ಪಂದ್ಯದಲ್ಲಿ 5ಕ್ಕೆ 4, ಎರಡನೆಯದರಲ್ಲಿ 3ಕ್ಕೆ 2. ಒಟ್ಟು 8ಕ್ಕೆ 6. ಆಗ ಅವನ ವಯಸ್ಸು 23, ನನ್ನದೂ ಅಷ್ಟೇ.

ಕಾರ್ಡನ್ನು ನಾನೇ ತಯಾರಿಸಿದೆ. ಕೆಂಪು, ಬಿಳಿ ಎರಡು ದಾಳ. ಮೊತ್ತ ಬೇಡ, ಕೆಂಪನ್ನು ಮೊದಲು ಓದಿ, ಬಿಳಿಯನ್ನು ಆಮೇಲೆ ಓದಿದರೆ 11ರಿಂದ 66ರವರೆಗೆ 36 ಮನೆಗಳು, ಎಲ್ಲಕ್ಕೂ ಸಮಾನ ಅವಕಾಶ. ಆ ವರ್ಷ ವಿಲಿಯಮ್ಸ್ ಒಟ್ಟು 606 ಬಾರಿ ಬ್ಯಾಟ್ ಹಿಡಿದು ನಿಂತಿದ್ದ. ಅದರಲ್ಲಿ 147 ಸಲ ಪುಕ್ಕಟೆ ನಡಿಗೆ, 3 ಸಲ ಚೆಂಡು ಮೈಗೆ ತಗುಲಿ ಬೇಸ್ ಸಿಕ್ಕಿತು. 36ಕ್ಕೆ ಇಳಿಸಿದರೆ ಹಿಟ್‌ಗೆ 11 ಮನೆ, ನಡಿಗೆಗೆ 9, ಔಟ್‌ಗೆ 16. ಮೂರೂ ಸೇರಿ ಸರಿಯಾಗಿ 36. ನಡಿಗೆಯ 9 ತೆಗೆದರೆ 27ಕ್ಕೆ 11, ಅಂದರೆ .407. ಇಷ್ಟು ಹತ್ತಿರ ಬರುತ್ತದೆಂದು ನಾನೇ ಅಂದುಕೊಂಡಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ರೂಮಿನವಳನ್ನು ಎಬ್ಬಿಸಿ ತೋರಿಸಿ ಬೈಸಿಕೊಂಡೆ.

ಇನ್ನು ತಪ್ಪಿನ ವಿಷಯ. ಪಾಠಯೋಜನೆಯ ಪೀಠಿಕೆಯಲ್ಲೇ ನಾನು ಕಥೆ ಪೂರ್ತಿ ಹೇಳಿಬಿಟ್ಟೆ. 8ಕ್ಕೆ 6 ಎಂದು ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ಬರೆದು, ಕೆಳಗೆ ಎರಡು ಗೆರೆ ಬೇರೆ ಎಳೆದೆ. ಆಮೇಲೆ, "ಈಗ ನೀವೇ ವಿಲಿಯಮ್ಸ್. ಆ ಕೊನೆಯ ದಿನ ಆಡಿ ನೋಡೋಣ, ಏನು ಬರುತ್ತೆ?" ಎಂದೆ. 48 ಮಕ್ಕಳು, 24 ಜೋಡಿ. ಪ್ರತಿ ಜೋಡಿಗೂ ಎಂಟು ಸರದಿ. ನಡಿಗೆಯ ಮನೆ ಬಿದ್ದರೆ ಲೆಕ್ಕಕ್ಕಿಲ್ಲ, ಮತ್ತೆ ಹಾಕಬೇಕು. ನಮ್ಮ ಮಾರ್ಗದರ್ಶಕರು ಹಿಂದಿನ ಬೆಂಚಿನಲ್ಲಿ ಪೆನ್ನು ತೆರೆದು ಕುಳಿತಿದ್ದರು.

ಮೊದಲು ಕೈಯೆತ್ತಿದ್ದು ಕೊನೆಯ ಸಾಲಿನ ಒಬ್ಬ ಹುಡುಗಿ. "ಮಿಸ್, ನಮಗೆ ಎರಡೇ ಬಂತು."

ಹಿಂದೆ ಸರ್ ಬರೆಯುತ್ತಿದ್ದಾರೆ, ಹಲಗೆಯ ಮೇಲೆ 6 ಇದೆ, ಇವಳು 2 ಎನ್ನುತ್ತಿದ್ದಾಳೆ. ನಾನು ಹೇಳಿದೆ: "ಸರಿಯಾಗಿ ಹಾಕಿದ್ರಾ? ಇನ್ನೊಂದ್ಸಲ ಹಾಕಿ ನೋಡಿ."

ಇಡೀ ತರಗತಿ ಆ ಮಾತು ಕೇಳಿಸಿಕೊಂಡಿತು.

ಕೊನೆಯಲ್ಲಿ ಹಾಳೆ ಒಟ್ಟುಮಾಡಿದಾಗ 24 ಜೋಡಿಗಳಲ್ಲಿ 7 ಜೋಡಿಗೆ ಸರಿಯಾಗಿ ಆರು. ತರಗತಿಯಲ್ಲಿ ಚಪ್ಪಾಳೆ, ಪುಸ್ತಕದಲ್ಲಿ ಷರಾ. ರಾತ್ರಿ ಲೆಕ್ಕ ಹಾಕಿದೆ. 27ಕ್ಕೆ 11ರ ಕಾರ್ಡಿನಲ್ಲಿ ಎಂಟು ಸರದಿಗೆ ಸರಿಯಾಗಿ ಆರು ಹಿಟ್ ಬೀಳುವ ಸಂಭವನೀಯತೆ ನೂರಕ್ಕೆ ಸುಮಾರು 4.5. ಅಂದರೆ 24 ಜೋಡಿಯಲ್ಲಿ ಒಂದು ಜೋಡಿಗೆ ಬರಬಹುದು, ಅದೃಷ್ಟವಿದ್ದರೆ ಎರಡಕ್ಕೆ. ಏಳು ಬರುವುದು ದಾಳದಿಂದಲ್ಲ. ಅದು ನನ್ನಿಂದ ಬಂದದ್ದು. ಸಂಭವನೀಯತೆಯ ಪಾಠ ಮಾಡಲು ಹೋಗಿ, ಮಕ್ಕಳು ಟೀಚರಿಗೆ ಬೇಕಾದ ಉತ್ತರವನ್ನು ಎಷ್ಟು ಬೇಗ ಗುರುತಿಸುತ್ತಾರೆ ಎಂಬುದಕ್ಕೆ ನಾನು ಪ್ರಯೋಗ ಮಾಡಿದ್ದೆ. ಅವರು ಕಳ್ಳತನ ಮಾಡಿದರು ಎನ್ನಲು ನನಗೆ ಬಾಯಿ ಬರುವುದಿಲ್ಲ. ಒಂದನೇ ತರಗತಿಯಿಂದ ನಾವು ಕಲಿಸಿರುವುದೇ ಅದು: ಹಲಗೆಯ ಮೇಲಿದ್ದದ್ದು ಸರಿ, ಕೈಗೆ ಬಂದದ್ದು ಬೇರೆಯಾದರೆ ಅಳಿಸು.

ಭಾವನಿಗೆ ಫೋನ್ ಮಾಡಿದೆ. ಅವನಿಗೆ ಬೆಳಗಿನ ಕಾಫಿ ಹೊತ್ತು. ಎಲ್ಲ ಕೇಳಿ ನಕ್ಕ. "ಅಲ್ಲಮ್ಮ ಟೀಚರಮ್ಮ, ಆಗಿದ್ದೇ ಮತ್ತೆ ಆಗೋ ಹಾಗಿದ್ರೆ ನಾನ್ಯಾಕೆ ಮೂರು ವರ್ಷದಿಂದ ದಾಳ ಹಾಕ್ತಾ ಕೂರಬೇಕು? ಪುಸ್ತಕ ತೆಗೆದು ಓದಿದ್ರೆ ಸಾಕಲ್ಲ." ಅವನ ಸೀಸನ್ನಿನಲ್ಲಿ ವಿಲಿಯಮ್ಸ್ ಆಗ .388ರಲ್ಲಿದ್ದ. ಅದೇ ವರ್ಷ ನ್ಯೂಯಾರ್ಕ್ ಯಾಂಕೀಸ್‌ನ ಜೋ ಡಿಮ್ಯಾಜಿಯೊ ಸತತ 56 ಪಂದ್ಯಗಳಲ್ಲಿ ಒಂದಾದರೂ ಹಿಟ್ ಹೊಡೆದಿದ್ದ. ಭಾವನ ಮೇಜಿನ ಮೇಲಿನ ಡಿಮ್ಯಾಜಿಯೊ 19ಕ್ಕೇ ನಿಂತಿದ್ದ. ಡಿಮ್ಯಾಜಿಯೊನ ಆ ವರ್ಷದ ಸರಾಸರಿ .357. ಪಂದ್ಯಕ್ಕೆ ನಾಲ್ಕು ಸರದಿ ಎಂದುಕೊಂಡರೆ ಒಂದು ಪಂದ್ಯದಲ್ಲಿ ಹಿಟ್ ಸಿಗುವ ಸಂಭವನೀಯತೆ ಸುಮಾರು .83. ಅದನ್ನು 56 ಸಲ ಗುಣಿಸುತ್ತ ಹೋದರೆ, ಒಂದು ನಿಗದಿತ ದಿನದಿಂದ ಶುರುವಾಗಿ ಅಂಥ ಸರಣಿ ಸಿಗುವುದು ಸುಮಾರು 36,000ಕ್ಕೆ ಒಂದು ಸಲ. ಕಾರ್ಡು ಸರಿಯಾಗಿಯೇ ಇದೆ. ಆದರೂ ಆದದ್ದು ಮತ್ತೆ ಆಗುವುದಿಲ್ಲ. ಇದನ್ನಲ್ಲವೇ ನಾನು ತೋರಿಸಬೇಕಾಗಿದ್ದುದು ಎಂದು ಹಣೆ ಚಚ್ಚಿಕೊಂಡೆ.

ಮರುದಿನ ವೀಕ್ಷಣೆ ಇರಲಿಲ್ಲ. ಧೈರ್ಯ ಬಂತು. ಹಲಗೆ ಒರೆಸಿ, "ನಿನ್ನೆ ಎರಡು ಬಂದದ್ದು ತಪ್ಪಲ್ಲ, ಮತ್ತೆ ಹಾಕಿ ಅಂದದ್ದು ನನ್ನ ತಪ್ಪು," ಎಂದೆ. ಮಕ್ಕಳಿಗೆ ಇದು ವಿಚಿತ್ರವೆನಿಸಿತು. ಕೆಲವರು ನಕ್ಕರು. ನಿನ್ನೆ ಯಾರು ಏನು ಬರೆದರೆಂದು ನಾನು ಕೇಳಲಿಲ್ಲ. ಪ್ರಶ್ನೆಯನ್ನಷ್ಟೇ ಬದಲಿಸಿದೆ. 456 ಸರದಿಗೆ 182 ಹಿಟ್ ಆದರೆ .399, 183 ಆದರೆ .401. ಹಾಗಾದರೆ .400 ಉಳಿಸಿಕೊಳ್ಳಲು ಎಂಟರಲ್ಲಿ ಎಷ್ಟು ಬೇಕು? ನಾಲ್ಕು ಎಂದು ಅವರೇ ಕಂಡುಹಿಡಿದರು. ಎಷ್ಟು ಜೋಡಿ ಉಳಿಸಿಕೊಳ್ಳಬಹುದು ಎಂದು ಮೊದಲೇ ಊಹಿಸಿ ಬರೆಯಲು ಹೇಳಿದೆ. ಹೆಚ್ಚಿನವರು 20ರ ಮೇಲೆ ಬರೆದರು. ಅಷ್ಟು ದೊಡ್ಡ ಆಟಗಾರ ಅಲ್ಲವೇ.

ದಾಳ ಉರುಳಿದವು. ಚೌಕಾಬಾರದ ಕವಡೆ ಹಾಕುವಾಗಿನ ಹಾಗೆ ಕೆಲವರು ಕೈಗೆ ಉಸಿರು ಊದಿ ಹಾಕಿದರು. ಒಂದು ಹಿಟ್ ಬಂದ ಜೋಡಿ 4, ಎರಡು ಬಂದವು 5, ಮೂರು ಬಂದವು 6, ನಾಲ್ಕು ಬಂದವು 5, ಐದು ಬಂದವು 3, ಆರು ಬಂದದ್ದು ಒಂದೇ ಒಂದು. .400 ಉಳಿಸಿಕೊಂಡ ಜೋಡಿಗಳು 9, ಕಳೆದುಕೊಂಡವು 15. ಸೂತ್ರದಿಂದ ಲೆಕ್ಕ ಹಾಕಿದರೆ ಉಳಿಯುವ ಸಂಭವನೀಯತೆ ನೂರಕ್ಕೆ ಸುಮಾರು 42, ಅಂದರೆ 24ರಲ್ಲಿ 10. ಹಲಗೆಯ ಮೇಲೆ ಸ್ತಂಭಾಲೇಖ ಬರೆದಾಗ ಮಧ್ಯದಲ್ಲಿ ಎತ್ತರ, ಎರಡು ಬದಿಗೂ ತಗ್ಗು. ಯಾರೂ ಹೇಳಿಕೊಡದೆ ಬಂದ ಆಕಾರ ಅದು.

ಆಗ ಮಧ್ಯದ ಸಾಲಿನ ಹುಡುಗನೊಬ್ಬ ಎದ್ದ. "ಮಿಸ್, ಕೂತಿದ್ರೆ ನಾಲ್ಕು ನೂರು ಗ್ಯಾರಂಟಿ ಸಿಗ್ತಿತ್ತು. ಆಡಿದ್ರೆ ನೂರಕ್ಕೆ ನಲವತ್ತೆರಡು. ಲೆಕ್ಕ ಗೊತ್ತಿರೋನು ಆಡ್ತಿದ್ನಾ?"

ಇದು ನನ್ನ ಪಾಠಯೋಜನೆಯಲ್ಲಿ ಇರದ ಪ್ರಶ್ನೆ. ತರಗತಿ ಎರಡು ಪಾಲಾಯಿತು. ಕೂರಬೇಕಿತ್ತು ಎನ್ನುವವರು ಹೆಚ್ಚು. ಕೂತು ಸಿಕ್ಕಿದ್ದು .39955 ಮಾತ್ರ, ನಾಲ್ಕು ನೂರಲ್ಲ ಎಂದು ಒಬ್ಬಳು ಪಟ್ಟು ಹಿಡಿದಳು. ಸ್ಥಾನಕ್ಕೆ ಸರಿಮಾಡುವ ಪಾಠ ಆರನೇ ತರಗತಿಯಿಂದ ಇದೆ. ಅದರ ಮೇಲೆ ಮಕ್ಕಳು ಜಗಳವಾಡಿದ್ದನ್ನು ನಾನು ಮೊದಲ ಸಲ ನೋಡಿದ್ದು. ಕಾರ್ಡಿನ ಮೇಲೆ ಹಿಟ್‌ಗೆ ಮನೆಯಿದೆ, ಔಟ್‌ಗೆ ಮನೆಯಿದೆ, ಆಡುತ್ತೇನೆ ಎನ್ನುವುದಕ್ಕೆ ಯಾವ ಮನೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಕಾರ್ಡು ಹುಡುಕಿದರು. ಇಲ್ಲ ಎಂದರು. ಗಂಟೆ ಹೊಡೆಯಿತು.

ಮುಂದಿನ ಬ್ಯಾಚಿನವರು ಯಾರಾದರೂ ಈ ಚಟುವಟಿಕೆ ಮಾಡುವುದಿದ್ದರೆ ಕಾರ್ಡು ನಮ್ಮ ಕಾಲೇಜಿನ ಗಣಿತ ಪ್ರಯೋಗಾಲಯದ ಕಪಾಟಿನಲ್ಲಿದೆ. 24 ಜೊತೆ ದಾಳವೂ ಇದೆ. ಬಿಳಿಯದು ಎರಡು ಕಡಿಮೆ. ಎರಡು ಅವಧಿ ಬೇಕೇಬೇಕು, ಒಂದರಲ್ಲಿ ಮುಗಿಯುವುದಿಲ್ಲ. 8ಕ್ಕೆ 6 ಎಂಬುದನ್ನು ಕೊನೆಯವರೆಗೂ ಹೇಳಬೇಡಿ.

ಕಡತ ಒಪ್ಪಿಸುವಾಗ ಎರಡೂ ದಿನದ ಹಾಳೆ ಲಗತ್ತಿಸಿದೆ. ಮೊದಲ ದಿನದ್ದು ಯಾಕಮ್ಮ, ಎರಡನೆಯದೇ ಚೆನ್ನಾಗಿದೆಯಲ್ಲ ಎಂದರು ಸರ್. ಇರಲಿ ಸರ್ ಎಂದೆ. ಅದರಲ್ಲಿ ಕೊನೆಯ ಸಾಲಿನ ಹುಡುಗಿಯ ಹಾಳೆಯೂ ಇದೆ. 2 ಎಂದು ಬರೆದು ಹೊಡೆದಿದ್ದಾಳೆ. ಪಕ್ಕದಲ್ಲಿ 3 ಎಂದು ಬರೆದು ಅದನ್ನೂ ಹೊಡೆದಿದ್ದಾಳೆ. ಕೆಳಗೆ ದುಂಡಗಿನ ಅಕ್ಷರದಲ್ಲಿ 6 ಇದೆ, ಅದರ ಪಕ್ಕ ನಾನು ಕೆಂಪು ಶಾಯಿಯಲ್ಲಿ ಹಾಕಿದ ಸರಿ ಗುರುತು.