ಲಿನಕ್ಸ್ ಡೈರಿ – 4: ಶೆಲ್ ಬದಲಿಸೋಕೆ ಹೋದ ರಾತ್ರಿ

ದೋಸ್ತರೇ, ಹೋದ ಪೋಸ್ಟಿನ ಸ್ಕ್ರೀನ್‌ಶಾಟ್ ನೋಡಿ "ಲೇ, ಇದು ಯಾವ ಥೀಮು? ನಮಗೂ ಹಾಕಿಕೊಡು" ಅಂತ ಕೇಳಿದ್ರಿ. ಹೇಳ್ತೀನಿ. ಆದ್ರೆ ಮೊದಲು ಆ ರಾತ್ರಿ ಏನಾಯ್ತು ಅಂತ ಓದಿ.

ಹೊಸದಾಗಿ ಬಂದವರಿಗೆ: ನಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ವಿಂಡೋಸ್ 11 ಹಿಡಿಯಲ್ಲ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು. ಅದಕ್ಕೇ ಬಜ್ಜೈಟ್ ಹಾಕಿದೆ. ಫೆಡೋರಾ ಮೇಲೆ ಕಟ್ಟಿದ, ಗೇಮ್ ಆಡೋರಿಗಾಗೇ ಮಾಡಿದ ಲಿನಕ್ಸ್ ಇದು. ಸ್ಟೀಮ್ ಮೊದಲೇ ಇರುತ್ತೆ. ವ್ಯಾಲರಂಟ್ ಮಾತ್ರ ಕೇಳಬೇಡಿ, ಅದರ ಆಂಟಿ-ಚೀಟ್ ಲಿನಕ್ಸ್‌ನಲ್ಲಿ ನಡೆಯಲ್ಲ.

ಶೆಲ್ ಅಂದ್ರೆ ಏನು? ಮೇಲಿನ ಪಟ್ಟಿ, ಮೆನು, ಗಡಿಯಾರ, ನೋಟಿಫಿಕೇಶನ್, ಅಂದ್ರೆ ಕಣ್ಣಿಗೆ ಕಾಣೋ ಮುಖ. ಬಜ್ಜೈಟ್‌ನ ಪ್ಲಾಸ್ಮಾ ಸಾಮಾನು ಸಮೇತ ಸಿಗೋ ಬಾಡಿಗೆ ಮನೆ ಇದ್ದಂಗೆ. ನಂಗೆ ಬೇಕಾಗಿದ್ದು ನಿರಿ. ಸೀರೆ ನಿರಿ ಅಲ್ರಪ್ಪ! ಆದ್ರೂ ಹೆಸರು ಒಪ್ಪುತ್ತೆ: ವಿಂಡೋಗಳು ಸಾಲಾಗಿ ಪಕ್ಕಪಕ್ಕ ನಿಲ್ತಾವೆ, ನೀವು ಅತ್ತಿತ್ತ ಸರಿಸ್ತಾ ಹೋಗೋದು. ಆದ್ರೆ ನಿರಿ ಕೊಡೋದು ಖಾಲಿ ಮನೆ. ಪಟ್ಟಿ, ಮೆನು ಬೇಕಂದ್ರೆ ಅದರ ಮೇಲೆ ಡ್ಯಾಂಕ್ ಮೆಟೀರಿಯಲ್ ಶೆಲ್ ಥರದ್ದೊಂದು ಹಾಕ್ಬೇಕು.

ರಾತ್ರಿ ಹನ್ನೊಂದಕ್ಕೆ ಶುರು ಮಾಡಿದೆ. ಯಾರದ್ದೋ ಕಾನ್ಫಿಗ್ ಫೈಲ್ ಓದದೇ ಕಾಪಿ ಹೊಡೆದೆ. ಹೊಸದಕ್ಕೆ ಜಾಗ ಆಗ್ಲಿ ಅಂತ ನನ್ನ ಹಳೇ ಕಾನ್ಫಿಗ್ ಫೋಲ್ಡರ್ ಡಿಲೀಟ್ ಮಾಡಿದೆ. ರೀಬೂಟ್.

ಬರೀ ಬೂದು ಪರದೆ. ಮೆನು ಇಲ್ಲ, ಗಡಿಯಾರ ಇಲ್ಲ. ಟರ್ಮಿನಲ್ ತೆಗೆಯೋ ಕೀ ಒತ್ತಿದ್ರೆ ಏನೂ ಇಲ್ಲ. ಆ ಫೈಲ್‌ನಲ್ಲಿದ್ದ ಟರ್ಮಿನಲ್ ನನ್ನ ಹತ್ರ ಇರಲೇ ಇಲ್ಲ. ಶೆಲ್ ಶುರು ಮಾಡೋ ಸಾಲನ್ನೂ ನಾನು ಬರೆದಿರಲಿಲ್ಲ. ತಪ್ಪು ಪೂರ್ತಿ ನಂದೇ.

ಆಗ ನೆನಪಾಯ್ತು. ಬೆಳಗ್ಗೆ ಆರಕ್ಕೆ ನಾಟಿ ಹಚ್ಚಿದ 14 ಜನ ಹೆಣ್ಣಾಳುಗಳಿಗೆ ಅಪ್ಪ ಕೂಲಿ ಕೊಡ್ಬೇಕು. ಯಾರು ಎಷ್ಟು ದಿನ ಬಂದ್ರು, ಯಾರು ಮುಂಗಡ ತಗೊಂಡ್ರು, ಎಲ್ಲ ಈ ಲ್ಯಾಪ್‌ಟಾಪ್‌ನಲ್ಲಿ. ಮೊದಲು ಅಪ್ಪ ನೋಟ್‌ಬುಕ್‌ನಲ್ಲಿ ಬರೀತಿದ್ರು. "ಬಿಕಾಂ ಓದೋ ಮಗ ಇದ್ದೀನಿ, ಬುಕ್ ಯಾಕಪ್ಪ?" ಅಂತ ಬಿಡಿಸಿದ್ದು ನಾನೇ.

ಫ್ರೆಂಡ್‌ಗೆ ಫೋನ್ ಮಾಡಿದೆ. "ಫಾರ್ಮ್ಯಾಟ್ ಹೊಡಿಲೇ" ಅಂದ. ಪೆನ್‌ಡ್ರೈವ್ ಕೈಯಲ್ಲೇ ಇತ್ತು. ಹೊಡೆದಿದ್ರೆ ಮುಗೀತಿತ್ತು.

ಬಚಾವ್ ಮಾಡಿದ್ದು ಬೂಟ್ ಮೆನು. ಬಜ್ಜೈಟ್ ಹೊಸ ಸಿಸ್ಟಮ್ ಜೊತೆ ಅದರ ಹಿಂದಿನದನ್ನೂ ಇಟ್ಟಿರುತ್ತೆ. ಲೆಡ್ಜರ್‌ನಲ್ಲಿ ತಪ್ಪು ಎಂಟ್ರಿ ಅಳಿಸದೇ ರಿವರ್ಸ್ ಎಂಟ್ರಿ ಹಾಕ್ತೀವಲ್ಲ, ಹಂಗೆ. ಎರಡನೇ ಸಾಲು ಆರಿಸಿದೆ, ಹಳೇ ಪ್ಲಾಸ್ಮಾ ಬಂತು. ಕೂಲಿ ಫೈಲ್ ಇತ್ತು. ಕೈ ನಡುಗ್ತಿತ್ತು, ಸುಳ್ಳಲ್ಲ.

ಆದ್ರೆ ನಾನು ಡಿಲೀಟ್ ಮಾಡಿದ ಫೋಲ್ಡರ್ ವಾಪಸ್ ಬರಲಿಲ್ಲ. ಕನ್ನಡ ಕೀಬೋರ್ಡ್ ಸೆಟ್ಟಿಂಗ್, ಪ್ಯಾನಲ್, ಎಲ್ಲ ಹೋಗಿತ್ತು. ರೋಲ್‌ಬ್ಯಾಕ್ ಸಿಸ್ಟಮ್ಮನ್ನ ಮಾತ್ರ ಹಿಂದಕ್ಕೆ ಒಯ್ಯುತ್ತೆ, ನಿಮ್ಮ ಹೋಮ್ ಫೋಲ್ಡರನ್ನ ಮುಟ್ಟಲ್ಲ. ನನ್ನ ಫೈಲ್ ಉಳಿದದ್ದೂ ಅದಕ್ಕೇ, ಸೆಟ್ಟಿಂಗ್ ಹೋದದ್ದೂ ಅದಕ್ಕೇ.

ಈಗ ನೀವು ಮಾಡೋದಾದ್ರೆ (ಕಮಾಂಡ್ ಸ್ಪೆಲ್ಲಿಂಗ್ ಮೂರನೇ ಫೋಟೋದಲ್ಲಿದೆ):

1. ಮುಖ್ಯ ಫೈಲ್ ಎಲ್ಲ ಪೆನ್‌ಡ್ರೈವ್‌ಗೆ.
2. ಟೆಸ್ಟ್ ಮಾಡೋಕೆ ಬೇರೆ ಯೂಸರ್ ಅಕೌಂಟ್ ಮಾಡಿ. ಕೆಟ್ರೆ ಅದೊಂದೇ ಕೆಡುತ್ತೆ.
3. ಈಗ ಸರಿ ಇರೋ ಸಿಸ್ಟಮ್ಮನ್ನ "ಓಎಸ್‌ಟ್ರೀ ಅಡ್ಮಿನ್ ಪಿನ್" ಕಮಾಂಡಿನಿಂದ ಪಿನ್ ಮಾಡಿ. ಇಲ್ಲಾಂದ್ರೆ ಮುಂದಿನ ಅಪ್‌ಡೇಟ್‌ಗಳಲ್ಲಿ ಅದು ಹೋಗಿಬಿಡುತ್ತೆ.
4. "ಆರ್‌ಪಿಎಂ-ಓಎಸ್‌ಟ್ರೀ"ಯಿಂದ ನಿರಿ, ಒಂದು ಟರ್ಮಿನಲ್, ಆಮೇಲೆ ಶೆಲ್ ಹಾಕಿ. ರೀಬೂಟ್ ಮಾಡಿ ಲಾಗಿನ್ ಪರದೆಯಲ್ಲಿ ನಿರಿ ಸೆಷನ್ ಆರಿಸಿ.
5. ಪ್ಲಾಸ್ಮಾ ತೆಗೀಬೇಡಿ. ಬೇಡ ಅನಿಸಿದ್ರೆ ಅದೇ ಲಾಗಿನ್ ಪರದೆಯಿಂದ ವಾಪಸ್ ಬರಬಹುದು. ಇದು ಗೊತ್ತಿದ್ರೆ ಅವತ್ತು ನಂಗೆ ರೋಲ್‌ಬ್ಯಾಕೂ ಬೇಕಿರಲಿಲ್ಲ!

ಬೆಳಗ್ಗೆ ಎಲ್ಲರಿಗೂ ಕೂಲಿ ಕೊಟ್ವಿ. ಅಪ್ಪಗೆ ಎಲ್ಲ ಹೇಳಿದೆ. ಬೈಯ್ತಾರೆ ಅನ್ಕೊಂಡಿದ್ದೆ. "ನಿಂದು ಆಟ ಖರೇ, ಆದ್ರ ಅದು ಅವರ ದುಡ್ಡು" ಅಂದ್ರು, ಅಷ್ಟೇ. ಸಂಜೆ ಎಮ್ಮಿಗನೂರು ಬಸ್‌ಸ್ಟ್ಯಾಂಡ್ ಹತ್ರ ಒಂದು ನೋಟ್‌ಬುಕ್ ತಂದು ಲೆಕ್ಕ ಪೂರ್ತಿ ಕೈಯಲ್ಲೇ ಬರೆದಿಟ್ಟೆ.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ನಿಮ್ದಲ್ಲದ ಯಾವ ಫೈಲ್ ಐತಿ? ಕಮೆಂಟ್ ಮಾಡಿ. ಮೊದಲು ಬ್ಯಾಕಪ್ ತಗೊಂಡು ಆಮೇಲೆ ಮಾಡಿ 😅

ಭಾಗ 5: ನಿರಿಯಲ್ಲಿ ಕನ್ನಡ ಟೈಪಿಂಗ್.

#ಲಿನಕ್ಸ್‌ಡೈರಿ #ಬಜ್ಜೈಟ್ #ಎಮ್ಮಿಗನೂರು #ಬಿಕಾಂಹುಡುಗರು