ಯೋಗವೂ ಕ್ಷೇಮವೂ

ಯೋಗಕ್ಷೇಮವೆಂಬ ಮಾತು ಕನ್ನಡಿಗರ ಬಾಯಲ್ಲಿ ಒಂದೇ ಪದವಾಗಿ ಕೂಡಿಹೋಗಿದೆ. ಕಾಗದ ಬರೆಯುವವರು ಯೋಗಕ್ಷೇಮವನ್ನು ವಿಚಾರಿಸುತ್ತಾರೆ. ನೆಂಟರು ಯೋಗಕ್ಷೇಮವನ್ನು ಮಾತನಾಡುತ್ತ ಕಾಫಿ ಕುಡಿಯುತ್ತಾರೆ. 1956ರಲ್ಲಿ ಸ್ಥಾಪಿತವಾದ ಭಾರತೀಯ ಜೀವವಿಮಾ ನಿಗಮವು ಗೀತೆಯ ಒಂಬತ್ತನೆಯ ಅಧ್ಯಾಯದಿಂದ ಈ ಮಾತನ್ನೇ ಎತ್ತಿಕೊಂಡು ತನ್ನ ಧ್ಯೇಯವಾಕ್ಯವನ್ನಾಗಿ ಮಾಡಿಕೊಂಡಿದೆ. ಆದರೆ ಶಾಸ್ತ್ರಜ್ಞರು ಇದನ್ನು ಎರಡಾಗಿ ಬಿಡಿಸುತ್ತಾರೆ. ದೊರೆಯದಿದ್ದುದು ದೊರೆಯುವುದು ಯೋಗ. ದೊರೆತದ್ದು ಕೈಬಿಡದೆ ಉಳಿಯುವುದು ಕ್ಷೇಮ. ಸಮಾಸದಲ್ಲಿ ಇವೆರಡೂ ಅಕ್ಕಪಕ್ಕದಲ್ಲಿ ಕುಳಿತಿದ್ದರೂ ಸಂಸಾರದಲ್ಲಿ ಹಾಗೆ ಕೂಡಿಬರುವುದು ಅಪೂರ್ವ. ಹೆಚ್ಚಿನ ಮಂದಿಗೆ ಒಂದನ್ನು ಹಿಡಿಯಲು ಮತ್ತೊಂದನ್ನು ಸ್ವಲ್ಪ ಸಡಿಲಿಸಬೇಕಾಗುತ್ತದೆ.

ನಂಜನಗೂಡಿನ ತರುಣನೊಬ್ಬನಿಗೆ ಈಚೆಗೆ ಒದಗಿದ್ದುದು ಇಂಥ ಸಂದರ್ಭವೇ. ಆತನು ಸಾಫ್ಟ್‌ವೇರ್ ಕೆಲಸವನ್ನು ಗುತ್ತಿಗೆಯ ಮೇಲೆ ಮಾಡತಕ್ಕವನು. ಯಾವ ಸಂಸ್ಥೆಗೂ ನೌಕರನಲ್ಲ. ಆರು ತಿಂಗಳಿಗೋ ವರ್ಷಕ್ಕೋ ಒಂದು ಕರಾರು, ತಿಂಗಳ ಕೊನೆಯಲ್ಲಿ ಒಂದು ಬಿಲ್ಲು, ಬಿಲ್ಲಿಗೆ ತಕ್ಕ ಹಣ. 2020ರ ಮಾರ್ಚ್ ತಿಂಗಳಿನ ಲಾಕ್‌ಡೌನ್ ಆದಮೇಲೆ ಮನೆಯಿಂದಲೇ ಕೆಲಸಮಾಡುವುದು ರೂಢಿಗೆ ಬಂದುದರಿಂದ, ಶ್ರೀಕಂಠೇಶ್ವರನ ದೇವಾಲಯದ ಬೀದಿಗಳಿಗೆ ಸಮೀಪದ ತನ್ನ ಮನೆಯ ಮೇಲಂತಸ್ತಿನಲ್ಲಿ ಕುಳಿತು ಆತನು ದೂರದೇಶದ ಲೆಕ್ಕಾಚಾರಗಳನ್ನು ನಡೆಸುತ್ತಿದ್ದನು. ಹೀಗಿರುವಲ್ಲಿ ಬೆಂಗಳೂರಿನ ಒಂದು ಸಂಸ್ಥೆಯವರು ಆತನ ಕೆಲಸವನ್ನು ಮೆಚ್ಚಿ ಖಾಯಂ ಹುದ್ದೆಯನ್ನು ಕೊಡುವುದಾಗಿ ತಿಳಿಸಿದರು. ಉತ್ತರಕ್ಕೆ ಹದಿನೈದು ದಿನಗಳ ಅವಧಿ. ವಾರದಲ್ಲಿ ಐದು ದಿನವೂ ಬೆಂಗಳೂರಿನ ಕಚೇರಿಯಲ್ಲಿ ಹಾಜರಿರತಕ್ಕದ್ದು ಎಂಬುದು ನಿಬಂಧನೆ.

ಮೇಲುನೋಟಕ್ಕೆ ವಿಚಾರ ಸುಲಭವಾಗಿತ್ತು. ಗುತ್ತಿಗೆಯಲ್ಲಿ ತಿಂಗಳಿಗೆ 1,40,000 ರೂಪಾಯಿ. ಖಾಯಂ ಹುದ್ದೆಯಲ್ಲಿ 1,00,000. ನಲವತ್ತು ಸಾವಿರವನ್ನು ಬಿಟ್ಟುಕೊಟ್ಟು, ಊರನ್ನೂ ಬಿಟ್ಟುಹೋಗುವುದು ಯಾವ ಜಾಣತನ? ಆದರೆ ಆತನ ತಂದೆ ಹಳೆಯ ಕಾಲದ ಲೆಕ್ಕದವರು. ಮೈಸೂರಿನ ಗಿರಣಿಯೊಂದರಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದವರು. ಹಿಂದಿನ ನಾಲ್ಕು ವರ್ಷಗಳ ಬಿಲ್ಲುಗಳನ್ನೆಲ್ಲ ತರಿಸಿ ಮುಂದಿಟ್ಟುಕೊಂಡು ಅವರು ಎಣಿಸತೊಡಗಿದರು.

ನಲವತ್ತೆಂಟು ತಿಂಗಳುಗಳಲ್ಲಿ ಒಂದು ಕರಾರು ಮುಗಿದು ಇನ್ನೊಂದು ಸಿಕ್ಕುವ ನಡುವೆ ಒಟ್ಟು ಐದು ತಿಂಗಳು ಬರಿದಾಗಿದ್ದವು. ಉಳಿದ ನಲವತ್ತಮೂರು ತಿಂಗಳ ಗಳಿಕೆ 60,20,000. ವರ್ಷಕ್ಕೆ ಸರಾಸರಿ 15,05,000. ಇನ್ನು ಖಾಯಂ ಹುದ್ದೆಯ ಸಂಬಳ ವರ್ಷಕ್ಕೆ 12,00,000. ಅದರಲ್ಲಿ ಮೂಲವೇತನ ತಿಂಗಳಿಗೆ 50,000. ಇದರ ಶೇಕಡ 12ರಂತೆ ಸಂಸ್ಥೆಯವರು ಭವಿಷ್ಯನಿಧಿಗೆ ಕೊಡುವ ಹಣ ವರ್ಷಕ್ಕೆ 72,000. ಸೇವೆಯ ಪ್ರತಿಯೊಂದು ವರ್ಷಕ್ಕೂ ತಿಂಗಳನ್ನು ಇಪ್ಪತ್ತಾರು ದಿನವೆಂದು ಎಣಿಸಿ ಹದಿನೈದು ದಿನದ ವೇತನದಂತೆ ಸಲ್ಲುವ ಗ್ರಾಚ್ಯುಟಿ ಸುಮಾರು 28,800. ಮನೆಯವರೆಲ್ಲರ ಆಸ್ಪತ್ರೆಯ ಖರ್ಚಿಗೆ ಸಂಸ್ಥೆಯವರೇ ಮಾಡಿಸುವ ವಿಮೆಯನ್ನು ಮಗನು ಸ್ವಂತವಾಗಿ ಕೊಳ್ಳುವುದಾದರೆ 60,000. ಎಲ್ಲವನ್ನೂ ಕೂಡಿದರೆ 13,60,000ಕ್ಕೆ ಸ್ವಲ್ಪ ಮೇಲೆ. ಆದಾಯತೆರಿಗೆಯ ಹೊಸ ಪದ್ಧತಿಯಲ್ಲಿ 2025ರ ಏಪ್ರಿಲ್‌ನಿಂದ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳದಂತೆ ರಿಯಾಯಿತಿ ಇರುವುದರಿಂದಲೂ, ಗುತ್ತಿಗೆಯವನ ವೃತ್ತಿಗೆ ಬಂದ ಹಣದ ಅರ್ಧವನ್ನೇ ಲಾಭವೆಂದು ತೋರಿಸಲು ಕಾನೂನಿನಲ್ಲಿ ಅವಕಾಶವಿರುವುದರಿಂದಲೂ ತೆರಿಗೆಯು ಯಾವ ಪಕ್ಷವನ್ನೂ ತಗ್ಗಿಸಲಿಲ್ಲ. ತಿಂಗಳಿಗೆ ನಲವತ್ತು ಸಾವಿರವೆಂದು ತೋರಿದ ಅಂತರವು ಹನ್ನೆರಡು ಸಾವಿರಕ್ಕೆ ಇಳಿಯಿತು.

ಈ ಎಣಿಕೆಗೆ ಬಾರದ ಸಂಗತಿಗಳೂ ಇದ್ದವು. 2019ರ ಆಗಸ್ಟ್ ತಿಂಗಳಲ್ಲಿ ಕಪಿಲೆಗೆ ಪ್ರವಾಹ ಬಂದು, ಮಲ್ಲನಮೂಲೆಯ ಬಳಿ ಹೆದ್ದಾರಿಯ ಮೇಲೆ ನೀರು ನಿಂತು, ಮೈಸೂರಿಗೆ ಹೋಗುವ ದಾರಿ ಕಟ್ಟಿಹೋಯಿತು. ಆಗ ಆತನು ಪ್ರತಿದಿನ ಮೈಸೂರಿಗೆ ಹೋಗಿ ದುಡಿಯುತ್ತಿದ್ದನು. ಒಂದೇ ಕೊಠಡಿಯಲ್ಲಿ ಕುಳಿತು ಒಂದೇ ಕೆಲಸ ಮಾಡುತ್ತಿದ್ದವರಲ್ಲಿ ಖಾಯಂ ನೌಕರರು ಆ ದಿನಗಳನ್ನು ರಜೆಯೆಂದು ಬರೆದುಕೊಂಡರು. ಗುತ್ತಿಗೆಯವರ ಬಿಲ್ಲಿನಲ್ಲಿ ಅಷ್ಟು ದಿನದ ಹಣ ಕಳೆಯಿತು. ನದಿಯೇನೋ ಇಬ್ಬರಿಗೂ ಸಮಾನವಾಗಿಯೇ ಏರಿತ್ತು.

ತಂದೆಯ ಮಾತಿನ ಹಿಂದೆ ಅವರ ಸ್ವಂತ ಅನುಭವವಿತ್ತು. ಅವರ ಗಿರಣಿ ಒಂದು ದಿನ ಮುಚ್ಚಿಹೋಯಿತು. ಖಾಯಂ ನೌಕರರೆಂಬ ಹೆಸರು ಬಾಗಿಲಿಗೆ ಬೀಗ ಬೀಳುವುದನ್ನು ತಡೆಯಲಿಲ್ಲ. ಮಗನು ಇದನ್ನೇ ಎತ್ತಿ ಆಡಿದಾಗ ಅವರು, “ನಿಜ ಕಣಪ್ಪ, ಗಿರಣಿ ಹೋಯಿತು. ಆದರೆ ಭವಿಷ್ಯನಿಧಿ ಹೋಗಲಿಲ್ಲ. ನೀನು ಇಂಜಿನಿಯರಿಂಗ್ ಓದಿದ್ದು ಆ ಹಣದಲ್ಲಿಯೇ” ಎಂದು ಉತ್ತರಕೊಟ್ಟರು. ಖಾಯಂ ಎಂಬುದು ಹುದ್ದೆಗೆ ಅಂಟಿದ ಗುಣವಲ್ಲ, ಹುದ್ದೆ ಹೋದಮೇಲೂ ಮನೆಯಲ್ಲಿ ಉಳಿಯುವುದು ಯಾವುದೋ ಅದೇ ಖಾಯಂ ಎಂಬುದು ಅವರ ಸಿದ್ಧಾಂತ.

ಈ ಸೀಮೆಯ ಚರಿತ್ರೆಯನ್ನು ಬಲ್ಲವರಿಗೆ ಅವರ ಮಾತು ಹೊಸದಾಗಿ ತೋರಲಾರದು. ಕಪಿಲಾ ಕಾವೇರಿಗಳ ತೀರದ ಅಗ್ರಹಾರಗಳಿಗೆ ಅರಸರು ಕೊಟ್ಟ ದಾನಗಳೆಲ್ಲ ಆಚಂದ್ರಾರ್ಕವಾಗಿ ನಡೆಯತಕ್ಕವೆಂದು ಶಾಸನಗಳಲ್ಲಿ ಕೆತ್ತಿಸಿದ್ದವು. ಚಂದ್ರಸೂರ್ಯರು ಇನ್ನೂ ಇದ್ದಾರೆ. ಆದರೆ 1954 ಮತ್ತು 1955ರ ಇನಾಮು ರದ್ದಿಯಾತಿ ಕಾಯಿದೆಗಳಿಂದ ಆ ಇನಾಮುಗಳು ಮುಗಿದುವು. ಅದಾದ ಇಪ್ಪತ್ತು ವರ್ಷಗಳಿಗೆ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ, ವರ್ಷವರ್ಷವೂ ಒಡೆಯನ ಮುಖ ನೋಡಬೇಕಾಗಿದ್ದ ಗೇಣಿದಾರನು ಭೂಮಿಯ ಹಕ್ಕುದಾರನಾದನು. ಶಾಶ್ವತವೆಂದು ಬರೆದದ್ದು ಅಳಿಯಿತು, ಅನಿಶ್ಚಿತವಾಗಿದ್ದುದು ನೆಲೆನಿಂತಿತು. ಎರಡೂ ನಡೆದದ್ದು ಒಂದೇ ಶತಮಾನದಲ್ಲಿ, ಅನೇಕ ಕಡೆ ಒಂದೇ ಗದ್ದೆಯ ಬದುವಿನ ಮೇಲೆ.

ತರುಣನ ಮಾವನವರು ತಿರುಮಕೂಡಲು ನರಸೀಪುರದವರು. ಅವರ ತಂದೆ ಆಗ ನಮೂನೆ 7ರ ಅರ್ಜಿಯನ್ನು ಹಾಕಿ ಗದ್ದೆಯನ್ನು ಸ್ವಂತ ಮಾಡಿಕೊಂಡವರು. ಗೇಣಿಯ ಮನೆತನದಿಂದ ಬಂದ ಅವರಿಗೆ ಗುತ್ತಿಗೆಯೆಂದರೆ ತಿರಸ್ಕಾರವಿರಬಹುದೆಂದು ಅಳಿಯನು ಎಣಿಸಿದ್ದನು. ಅವರು ಹೇಳಿದುದು ಬೇರೆ: “ಗುತ್ತಿಗೆ ಕೆಟ್ಟದ್ದಲ್ಲ, ಅಳಿಯಂದಿರೆ. ಪಹಣಿಯಲ್ಲಿ ನಮ್ಮಪ್ಪನ ಹೆಸರಿತ್ತು, ನಿಂತುಕೊಂಡೆವು. ಹೆಸರು ಬರೆಸದೆ ಬಾಯಿಮಾತಿನಲ್ಲಿ ಉತ್ತವರು ಬಿಟ್ಟುಹೋದರು. ಆ ಕಾಗದದಲ್ಲಿ ನಿಮಗೆ ಏನೇನು ಬರೆದುಕೊಡುತ್ತಾರೆ, ಅದನ್ನು ನೋಡಿ.”

ಆ ಕಾಗದಗಳನ್ನು ನೋಡಿದಾಗ ತಿಳಿದದ್ದು ಇಷ್ಟು. ಗುತ್ತಿಗೆಯವರೆಲ್ಲರೂ ಕಾನೂನಿನ ಕಣ್ಣಿಗೆ ಒಂದೇ ಜಾತಿಯವರಲ್ಲ. 1972ರ ಕಾಯಿದೆಯಂತೆ ಗ್ರಾಚ್ಯುಟಿಗೆ ಐದು ವರ್ಷಗಳ ಅಖಂಡ ಸೇವೆ ಬೇಕಾಗಿತ್ತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಮೇಲೆ, ನಿಗದಿತ ಅವಧಿಗೆ ನೇಮಕವಾದ ನೌಕರನಿಗೆ ಒಂದು ವರ್ಷದ ಸೇವೆಗೇ ಅದು ಸಲ್ಲುತ್ತದೆ. ಆದರೆ ಬಿಲ್ಲು ಬರೆದು ಹಣ ಪಡೆಯುವವನು ನೌಕರನೇ ಅಲ್ಲವಾದುದರಿಂದ ಆ ನೆರಳು ಅವನವರೆಗೆ ಚಾಚುವುದಿಲ್ಲ. ಖಾಯಂ ಕಾಗದದಲ್ಲಿಯೂ ಮೂರು ತಿಂಗಳ ನೋಟೀಸಿನ ಮೇಲೆ ಯಾವ ಪಕ್ಷದವರಾದರೂ ಸಂಬಂಧವನ್ನು ಮುಗಿಸಬಹುದೆಂದು ಬರೆದಿತ್ತು. ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್‌ನಂಥ ದೊಡ್ಡ ಸಂಸ್ಥೆಯೇ 2025ರ ಜುಲೈ ತಿಂಗಳಲ್ಲಿ ತನ್ನ ನೌಕರರಲ್ಲಿ ಶೇಕಡ 2ರಷ್ಟು, ಎಂದರೆ ಸುಮಾರು 12,000 ಮಂದಿಯನ್ನು ಕಡಿಮೆಮಾಡುವುದಾಗಿ ಪ್ರಕಟಿಸಿದ್ದುದನ್ನು ಬಲ್ಲ ಯಾರೂ ಈ ಖಾಯಮ್ಮನ್ನು ಆಚಂದ್ರಾರ್ಕವೆಂದು ನಂಬಲಾರರು. ಸರ್ಕಾರದ ನೌಕರಿಯಲ್ಲಿಯೇ 2006ರ ಏಪ್ರಿಲ್ 1ರಿಂದೀಚೆಗೆ ಸೇರಿದವರಿಗೆ ಹಿಂದಿನ ನಿಶ್ಚಿತ ಪಿಂಚಣಿಯ ಬದಲು ವಂತಿಗೆಯ ಪಿಂಚಣಿ ಬಂದಿರುವಾಗ ಖಾಸಗಿಯವರ ಮಾತೇನು!

ಹಾಗಾದರೆ ತೂಕವು ಸಮವಾಯಿತೇ? ಆಗಲಿಲ್ಲ. ತಂದೆಗೆ ಹೃದಯದ ವ್ಯಾಧಿ. ಮೈಸೂರಿನ ಜಯದೇವ ಸಂಸ್ಥೆಗೆ ನಿಯತವಾಗಿ ಹೋಗಿಬರಬೇಕು. ಸ್ವಂತವಾಗಿ ಕೊಂಡ ವಿಮೆಯು ಮೊದಲೇ ಇದ್ದ ಕಾಯಿಲೆಗಳಿಗೆ ಕೂಡಲೆ ಹಣ ಕೊಡುವುದಿಲ್ಲ. ಕಾಯಬೇಕಾದ ಅವಧಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿದರೂ, ಎಪ್ಪತ್ತು ದಾಟಿದ ರೋಗಿಗೆ ಮೂರು ವರ್ಷವೆಂಬುದು ಅಲ್ಪಕಾಲವಲ್ಲ. ಮಗನು ಪಾಲಿಸಿ ಕೊಂಡು ಇನ್ನೂ ಒಂದು ವರ್ಷವಾಗಿತ್ತು. ಸಂಸ್ಥೆಗಳು ನೌಕರರಿಗೆ ಒಟ್ಟಾಗಿ ಮಾಡಿಸುವ ವಿಮೆಯಲ್ಲಾದರೋ ಸಾಮಾನ್ಯವಾಗಿ ಈ ಕಾಯುವಿಕೆ ಇಲ್ಲ. ಕ್ಷೇಮವೆಂಬ ಪದದ ಅರ್ಥವು ಇಲ್ಲಿ ಬಹು ಸ್ಪಷ್ಟವಾಗಿ ನಿಂತಿತ್ತು. ಆದರೆ ವೈಪರೀತ್ಯವನ್ನು ನೋಡಿ: ತಂದೆಯ ಔಷಧಕ್ಕೆ ಭದ್ರತೆಯನ್ನು ತರಬೇಕಾದರೆ ಮಗನು ತಂದೆಯ ಬಳಿಯಿಂದ ದೂರವಾಗಬೇಕು, ಬಳಿಯಲ್ಲಿ ಉಳಿಯಬೇಕಾದರೆ ಆ ಭದ್ರತೆಯನ್ನು ಬಿಡಬೇಕು. ಸಂಜೆ ತಂದೆಯನ್ನು ಕೈಹಿಡಿದು ಕಪಿಲೆಯ ಸ್ನಾನಘಟ್ಟದವರೆಗೆ ಕರೆದುಕೊಂಡು ಹೋಗಿಬರುವುದನ್ನು ಯಾವ ಸಂಸ್ಥೆಯೂ ಸಂಬಳದ ಪಟ್ಟಿಯಲ್ಲಿ ತೋರಿಸುವುದಿಲ್ಲ.

ಈ ಚರ್ಚೆಯಲ್ಲಿ ಅತ್ಯಂತ ಕಡಿಮೆ ಮಾತನಾಡಿದವಳು ಆತನ ಹೆಂಡತಿ. ಆಕೆ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ಶಾಲೆ ತೆರೆದಾಗ ಕರೆಯುತ್ತಾರೆ. ಬೇಸಿಗೆಯ ರಜೆ ಬಂದಾಗ ಗೌರವಧನವೂ ರಜೆ ತೆಗೆದುಕೊಳ್ಳುತ್ತದೆ. ಹುದ್ದೆ ಖಾಯಂ ಆದೀತೆಂಬ ಆಸೆಯೂ ಆಕೆಗೆ ಉಳಿದಿರಲಿಲ್ಲ. ಕರ್ನಾಟಕದ ದಿನಗೂಲಿ ನೌಕರರಿಂದಲೇ ಹುಟ್ಟಿದ ಉಮಾದೇವಿ ಪ್ರಕರಣದಲ್ಲಿ 2006ರ ಏಪ್ರಿಲ್ 10ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, ಕ್ರಮಬದ್ಧವಾದ ಆಯ್ಕೆಯಿಲ್ಲದೆ ತಾತ್ಕಾಲಿಕವಾಗಿ ಸೇರಿದವರಿಗೆ ಎಷ್ಟೇ ಕಾಲ ದುಡಿದರೂ ಖಾಯಂ ಆಗುವ ಹಕ್ಕು ತಾನಾಗಿ ಬರುವುದಿಲ್ಲವೆಂದು ನಿರ್ಣಯಿಸಿ, ಅದುವರೆಗೆ ಹತ್ತು ವರ್ಷ ದುಡಿದಿದ್ದ ಕೆಲವರಿಗೆ ಮಾತ್ರ ಒಂದು ಸಲದ ಅವಕಾಶವನ್ನು ಕೊಟ್ಟಿತು. ಗಂಡನು ಮೂರನೆಯ ರಾತ್ರಿಯೂ ಎರಡು ಕಾಗದಗಳನ್ನು ಹರಡಿಕೊಂಡು ಕುಳಿತಿದ್ದಾಗ ಆಕೆ, “ಇಬ್ಬರದೂ ಗುತ್ತಿಗೆಯೇ. ನಿಮ್ಮದು ನೀವು ಆರಿಸಿಕೊಂಡದ್ದು, ಬೇಡವೆಂದರೆ ಬಿಡಬಹುದು. ನನಗೆ ಬಿಡುವುದಕ್ಕೆ ಬೇರೆ ಏನೂ ಇಲ್ಲ. ಒಂದು ಮನೆಗೆ ಎರಡು ಗುತ್ತಿಗೆ ಸಾಕಾಯಿತು ಅನ್ನಿಸುತ್ತದೆ” ಎಂದಳು.

ಆ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ. ಆದರೆ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಅದುವರೆಗೆ ಆತನು ತನ್ನೊಬ್ಬನ ಗಳಿಕೆಯನ್ನು ತೂಗುತ್ತಿದ್ದನು. ಅನಿಶ್ಚಯವನ್ನು ಸಹಿಸುವ ಶಕ್ತಿಯು ಒಬ್ಬೊಬ್ಬರಿಗೆ ಬೇರೆಬೇರೆಯಾಗಿರುವುದಲ್ಲ, ಒಂದೊಂದು ಮನೆಗೆ ಇಷ್ಟೆಂದು ಇರುತ್ತದೆ. ಮನೆಯಲ್ಲಿ ಒಬ್ಬರ ವರಮಾನ ಸ್ಥಿರವಾಗಿದ್ದರೆ ಮತ್ತೊಬ್ಬರು ಸಾಹಸಕ್ಕೆ ಇಳಿಯಬಹುದು. ಇಬ್ಬರೂ ಮಳೆಯನ್ನೇ ನಂಬಿದ ಹೊಲದಂತಿದ್ದರೆ ಒಂದು ಅನಾವೃಷ್ಟಿಗೆ ಎರಡೂ ಒಣಗುತ್ತವೆ. ಗುತ್ತಿಗೆಯು ಒಳ್ಳೆಯದೇ ಕೆಟ್ಟದ್ದೇ ಎಂದು ಬರಿದೆ ಕೇಳಿದರೆ ಉತ್ತರ ಸಿಕ್ಕುವುದಿಲ್ಲ. ಯಾರ ಮನೆಯಲ್ಲಿ, ಯಾವಾಗ, ಎಂದು ಕೂಡಿಸಿ ಕೇಳಬೇಕು. ಹೆಂಡತಿಗೆ ಖಾಯಂ ಹುದ್ದೆಯಿದ್ದು ತಂದೆ ಆರೋಗ್ಯವಂತರಾಗಿದ್ದ ಪಕ್ಷದಲ್ಲಿ ಇದೇ ತರುಣನು ಇದೇ ಕಾಗದವನ್ನು ನಿರಾಕರಿಸಿದ್ದರೆ ಅದೂ ವಿವೇಕವೇ ಆಗುತ್ತಿತ್ತು.

ಹನ್ನೆರಡನೆಯ ದಿನ ಆತನು ಸಂಸ್ಥೆಗೆ ಉತ್ತರ ಬರೆದನು. ಹುದ್ದೆಯನ್ನು ಒಪ್ಪಿರುವುದಾಗಿಯೂ, ತಂದೆಯ ಅನಾರೋಗ್ಯದ ಕಾರಣ ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸಮಾಡಲು ಅನುಮತಿ ಬೇಕೆಂದೂ, ಅದನ್ನು ನೇಮಕದ ಕಾಗದದಲ್ಲಿಯೇ ನಮೂದಿಸಬೇಕೆಂದೂ ಕೇಳಿಕೊಂಡನು. ಬಾಯಿಮಾತಿನಲ್ಲಿ ಒಪ್ಪಿದ ಅಧಿಕಾರಿಯು ಬರೆದುಕೊಡಲು ಮೊದಲು ಹಿಂಜರಿದರು. ಮಾವನವರ ಪಹಣಿಯನ್ನು ನೆನೆದು ಆತನು ಪಟ್ಟುಹಿಡಿದನು. ಮೂರು ದಿನಗಳಲ್ಲಿ ತಿದ್ದಿದ ಕಾಗದ ಬಂದಿತು. ತಂದೆತಾಯಿಗಳ ಸ್ವಂತ ಪಾಲಿಸಿಯನ್ನು ಆತನು ನಿಲ್ಲಿಸಲಿಲ್ಲ. ಸಂಸ್ಥೆಯ ವಿಮೆ ಹುದ್ದೆಯೊಡನೆ ಹೋಗತಕ್ಕದ್ದು. ಸ್ವಂತ ಪಾಲಿಸಿಯ ಕಾಯುವ ಅವಧಿಯಾದರೋ ಕಂತು ಕಟ್ಟುತ್ತಿರುವವರೆಗೂ ಸವೆಯುತ್ತ ಬರುತ್ತದೆ. ಇದಕ್ಕೆ ತಗಲುವ ಹಣ ವ್ಯರ್ಥವೆಂದು ಸ್ನೇಹಿತರು ಹೇಳಿದರೂ ತಂದೆ ಮಾತ್ರ ಮೆಚ್ಚಿಕೊಂಡರು.

ಕೌಟಿಲ್ಯನು ದಂಡನೀತಿಯ ಪ್ರಯೋಜನವನ್ನು ನಾಲ್ಕು ಮೆಟ್ಟಿಲಾಗಿ ಹೇಳಿದ್ದಾನೆ: ಇಲ್ಲದ್ದನ್ನು ಪಡೆಯುವುದು, ಪಡೆದದ್ದನ್ನು ಕಾಯುವುದು, ಕಾಯ್ದದ್ದನ್ನು ಬೆಳೆಸುವುದು, ಬೆಳೆದದ್ದನ್ನು ಯೋಗ್ಯವಾದ ಎಡೆಯಲ್ಲಿ ವಿನಿಯೋಗಿಸುವುದು. ಅರಸನಿಗೆ ಹೇಳಿದ ಮಾತಾದರೂ ಗೃಹಸ್ಥನಿಗೆ ಸಲ್ಲದಿರುವುದಿಲ್ಲ. ಹಣದ ಮಟ್ಟಿಗೆ ಈ ತರುಣನು ತಿಂಗಳಿಗೆ ಹನ್ನೆರಡು ಸಾವಿರವನ್ನು ಕ್ಷೇಮದ ಬೆಲೆಯಾಗಿ ತೆತ್ತಂತಾಯಿತು. ಬೆಂಗಳೂರಿನ ಕೊಠಡಿಯ ಬಾಡಿಗೆ ಅದರ ಮೇಲೆ. ಸಂಜೆಗಳ ಮಟ್ಟಿಗೆ ತೆತ್ತದ್ದಕ್ಕೆ ಲೆಕ್ಕವಿಲ್ಲ. ವಾರದಲ್ಲಿ ಮೂರು ದಿನ ಈಗ ಸ್ನಾನಘಟ್ಟದವರೆಗೆ ಮಾವನವರ ಕೈಹಿಡಿದು ನಡೆಯುವವಳು ಸೊಸೆ. ಶಾಲೆಯಿಂದ ಬಂದವಳು, ಮಕ್ಕಳ ಪುಸ್ತಕದ ಚೀಲವನ್ನು ಮನೆಯಲ್ಲಿರಿಸಿ, ಅವರ ಮಾತ್ರೆಯ ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಡುತ್ತಾಳೆ. ಮುಂದಿನ ವರ್ಷ ಶಾಲೆಯವರು ಆಕೆಯನ್ನು ಮತ್ತೆ ಕರೆಯುವರೋ ಇಲ್ಲವೋ ಜೂನ್ ತಿಂಗಳಲ್ಲಿ ತಿಳಿಯುತ್ತದೆ.